ಮಳೆಗಾಲದ ವಾಟ್ಸ್‌ಆ್ಯಪ್ ಗ್ರೂಪ್ ನಿಜಕ್ಕೂ ನೆರವಾಗಬೇಕಾದರೆ

ಪ್ರಶ್ನೆ: ಧರೆ ಕುಸಿದಾಗ, ಹೊಳೆ ಏರಿದಾಗ ನೆರವಾಗಲೆಂದು ನಮ್ಮ ಊರಿನ ಯುವಕ ಸಂಘದವರು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿಕೊಂಡಿದ್ದೇವೆ. ಆದರೆ ಅದರಲ್ಲಿ ಹಳೆಯ ಫೋಟೊಗಳು, ಎಲ್ಲಿಂದಲೋ ಬಂದ ಫಾರ್ವರ್ಡ್‌ಗಳೇ ತುಂಬುತ್ತವೆ. ಅನುಭವವುಳ್ಳ ಸೇವಾ ಸಂಸ್ಥೆಗಳು ಇದನ್ನು ಹೇಗೆ ನಿಭಾಯಿಸುತ್ತವೆ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಂದೇಶ ಹಂಚಲು ಎಲ್ಲರೂ ಮುಂದಾಗುತ್ತಾರೆ, ಅದು ನಿಜವೇ ಎಂದು ವಿಚಾರಿಸಿ, ನೆರವು ತಲುಪಿದ ಮೇಲೆ ‘ಮುಗಿದಿದೆ’ ಎಂದು ಗುರುತು ಹಾಕುವವರು ಸಿಗುವುದು ಕಷ್ಟ. ನುರಿತ ಸಂಸ್ಥೆಗಳ ಶ್ರಮ ಹೆಚ್ಚಾಗಿ ಸಲ್ಲುವುದು ಈ ಎರಡನೆಯ ಕೆಲಸಕ್ಕೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಸಂತ್ರಸ್ತರು 4636 ಸಂಖ್ಯೆಗೆ ಎಸ್‌ಎಂಎಸ್ ಕಳುಹಿಸುತ್ತಿದ್ದರು. ಹೊರದೇಶಗಳಲ್ಲಿ ನೆಲೆಸಿದ್ದ ಹೈಟಿಯವರು ಅಲ್ಲಿನ ಜನರ ಭಾಷೆಯಾದ ಕ್ರಿಯೋಲ್‌ನಲ್ಲಿದ್ದ ಆ ಸಂದೇಶಗಳನ್ನು ಅನುವಾದಿಸಿ ಸ್ಥಳವನ್ನು ಪತ್ತೆಹಚ್ಚಿದರು. ಅವು ಕೆನ್ಯಾದಲ್ಲಿ 2008ರಲ್ಲಿ ರೂಪುಗೊಂಡಿದ್ದ ಉಶಾಹಿದಿ ಎಂಬ ತಂತ್ರಾಂಶದ ನಕ್ಷೆಯಲ್ಲಿ ದಾಖಲಾದವು. 2018ರ ಕೇರಳದ ಪ್ರವಾಹದಲ್ಲಿಯೂ ಸ್ವಯಂಸೇವಕರು ಕಟ್ಟಿದ ‘ಕೇರಳ ರೆಸ್ಕ್ಯೂ’ ಜಾಲತಾಣ ಇದೇ ಬಗೆಯ ಕೆಲಸ ಮಾಡಿತು. ಆಗ ಎದುರಾದ ದೊಡ್ಡ ತೊಡಕೆಂದರೆ, ಜನರನ್ನು ರಕ್ಷಿಸಿ ಆದ ಮೇಲೂ ಅವರ ಮೊರೆ ಸಾಮಾಜಿಕ ಜಾಲತಾಣಗಳಲ್ಲಿ ಸುತ್ತುತ್ತಲೇ ಇದ್ದದ್ದು.

ನಿಮ್ಮ ಗ್ರೂಪಿಗೆ ‘ತೋಟದ ಮನೆಯಲ್ಲಿ ಮೂವರು ಸಿಕ್ಕಿಹಾಕಿಕೊಂಡಿದ್ದಾರೆ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಂದೇಶ ಬಂದಿತೆನ್ನಿ. ಯಾವ ಊರಿನ ತೋಟ, ಯಾವ ದಿನದ ಮಾತು ಎಂಬುದೇ ಅದರಲ್ಲಿ ಇರುವುದಿಲ್ಲ. ಆದ್ದರಿಂದ ದಿನಾಂಕ, ಗಂಟೆ, ಗ್ರಾಮ, ಮನೆಯ ಹೆಸರು, ಸ್ಥಳದಲ್ಲಿರುವವರ ಫೋನ್ ಸಂಖ್ಯೆ, ಅಲ್ಲಿ ಬೇಕಾಗಿರುವುದೇನು ಎಂಬುದನ್ನು ಕೇಳದೆ ಯಾವುದನ್ನೂ ಮುಂದೆ ಕಳುಹಿಸಬೇಡಿ. ಸದಸ್ಯರಲ್ಲಿ ಇಬ್ಬರು ಸರದಿಯಂತೆ ಆ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡು, ಒಂದೇ ಪಟ್ಟಿಯಲ್ಲಿ ಬರೆದಿಡಲಿ. ಗ್ರೂಪಿನಲ್ಲಿ ಅಡ್ಮಿನ್‌ಗಳಷ್ಟೇ ಸಂದೇಶ ಹಾಕುವಂತೆ ಮಾಡಿದರೆ ಫಾರ್ವರ್ಡ್‌ಗಳ ಕಾಟ ತಾನಾಗಿಯೇ ತಗ್ಗುತ್ತದೆ. ಪ್ರಾಣಾಪಾಯವಿದ್ದರೆ ಮಾತ್ರ ಪಟ್ಟಿಗೆ ಕಾಯದೆ 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ.

ಮಲೆನಾಡಿನ ನಿಜವಾದ ಕಷ್ಟ ಬೇರೆಯೇ ಇದೆ. ಇಲ್ಲಿ ಗುಡ್ಡಕ್ಕೊಂದು ಮನೆ. ಮರ ಬಿದ್ದು ಕರೆಂಟ್ ಹೋಯಿತೆಂದರೆ ಟವರ್‌ನ ಬ್ಯಾಟರಿ ಮುಗಿಯುವ ತನಕವಷ್ಟೇ ನೆಟ್‌ವರ್ಕ್. ಹಾಗಾಗಿ ಮುಖ್ಯ ಕೆಲಸವನ್ನು ಬೇಸಿಗೆಯಲ್ಲಿಯೇ ಮುಗಿಸಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಗೆ ನಿಮ್ಮ ಊರಿನ ಕಾಲುಸಂಕ, ಮಣ್ಣಿನ ರಸ್ತೆ, ಶಾಲೆ, ಸಮುದಾಯ ಭವನಗಳನ್ನು ನೀವೇ ಸೇರಿಸಬಹುದು. ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್‌ನಲ್ಲಿ ಅದನ್ನು ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದಾಗಲೂ ನೋಡಬಹುದು. ಜಿಪಿಎಸ್‌ಗೆ ಟವರ್‌ನ ಹಂಗಿಲ್ಲ. ಫೋನ್ ತೋರಿಸುವ ಅಕ್ಷಾಂಶ-ರೇಖಾಂಶವನ್ನು, ಇಂಟರ್ನೆಟ್ ಸತ್ತು ಸಿಗ್ನಲ್ ಒಂದು ಗೆರೆಯಷ್ಟಿದ್ದಾಗಲೂ, ಎಸ್‌ಎಂಎಸ್ ಮೂಲಕ ಕಳುಹಿಸಬಹುದು. ಮಳೆಗಾಲದಲ್ಲಿ ಹೊಳೆಯಾಚೆಗೆ ಉಳಿದುಬಿಡುವ ಮನೆಗಳು ಯಾವುವು, ಅಲ್ಲಿ ಬಾಣಂತಿಯರೋ ಹಾಸಿಗೆ ಹಿಡಿದ ಹಿರಿಯರೋ ಇದ್ದಾರೆಯೇ ಎಂಬ ಪಟ್ಟಿಯೂ ಇರಲಿ. ಆದರೆ ಅದು ಗ್ರೂಪಿನಲ್ಲಿ ಹರಿದಾಡುವುದು ಬೇಡ. ಇಬ್ಬರು ಜವಾಬ್ದಾರರ ಬಳಿ, ಕಾಗದದ ಮೇಲೂ ಒಂದು ಪ್ರತಿಯಾಗಿ ಇದ್ದರೆ ಸಾಕು.

ಹಣ ಸಂಗ್ರಹಿಸುವುದಾದರೆ ವ್ಯಕ್ತಿಯ ಯುಪಿಐ ಬೇಡ, ಸಂಘದ ಖಾತೆಯೇ ಇರಲಿ. ಲೆಕ್ಕವನ್ನು ಗ್ರೂಪಿನಲ್ಲಿಯೇ ಪ್ರಕಟಿಸಿ. ಅಕ್ಕಿಯ ಚೀಲ ಹಿಡಿಸಿ ಸಂತ್ರಸ್ತರ ಮುಖ ಕಾಣುವಂತೆ ಫೋಟೊ ಹಾಕುವುದನ್ನು ದಯವಿಟ್ಟು ಮಾಡಬೇಡಿ. ದಾನಿಗಳಿಗೆ ಲೆಕ್ಕ ತೋರಿಸಲು ರಸೀದಿ ಸಾಕು.