ಫಾರಂನಲ್ಲಿ ಬಿಟ್ಟುಹೋದ ಹೆಸರು

ಪ್ರಶ್ನೆ: ನಾನು ಮೈಸೂರಿನವನು. ಈಗ ಮೇರಿಲ್ಯಾಂಡ್‌ನಲ್ಲಿದ್ದೇನೆ, ಅಮೆರಿಕದ ಪೌರತ್ವ ಸಿಕ್ಕಿದೆ. ನಮ್ಮ ಕಂಪನಿ ಇಲ್ಲಿನ ರಕ್ಷಣಾ ಇಲಾಖೆಗೆ ಕೆಲಸ ಮಾಡುತ್ತದೆ. ಹೊಸ ಪ್ರಾಜೆಕ್ಟ್‌ಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು, ಅಂದರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಹಿನ್ನೆಲೆ ತನಿಖೆ ಮಾಡಿ ಕೊಡುವ ಅನುಮತಿ. ಮೂರು ವರ್ಷದ ಹಿಂದೆ ಊರಿಗೆ ಹೋದಾಗ ಕಾಲೇಜು ಗೆಳತಿಯೊಬ್ಬಳ ಜೊತೆ ಸಂಬಂಧ ಬೆಳೆಯಿತು. ಕಳೆದ ವರ್ಷ ಮುಗಿಯಿತು. ಹೆಂಡತಿಗೆ ಗೊತ್ತಿಲ್ಲ. ಕ್ಲಿಯರೆನ್ಸ್ ಫಾರಂನಲ್ಲಿ ಆ ಗೆಳತಿಯ ಹೆಸರು ಬರೆಯಲಿಲ್ಲ. ಈಗ ತನಿಖಾಧಿಕಾರಿಯ ಜೊತೆ ಇಂಟರ್‌ವ್ಯೂ ಹತ್ತಿರ ಬಂದಿದೆ. ‘ಬಾಯಿ ಮುಚ್ಕೊಂಡಿರು, ಯಾರಿಗೆ ಗೊತ್ತಾಗತ್ತೆ’ ಅನ್ನುತ್ತಾನೆ ಗೆಳೆಯ. ಏನು ಮಾಡಲಿ?

ಉತ್ತರ: ಗೆಳೆಯನ ಮಾತು ಕೇಳಬೇಡಿ. ನಿಮ್ಮನ್ನು ಮುಳುಗಿಸುವುದು ಆ ಸಂಬಂಧಕ್ಕಿಂತ ಜಾಸ್ತಿ ಅದನ್ನು ಮುಚ್ಚಿಟ್ಟಿದ್ದು.

ನೀವು ತುಂಬಿದ ಎಸ್‌ಎಫ್-86 ಫಾರಂನ 19ನೇ ಭಾಗ ಕೇಳುವುದು ಇದನ್ನೇ: ಕಳೆದ 7 ವರ್ಷಗಳಲ್ಲಿ ಪ್ರೀತಿ, ಪ್ರಭಾವ, ಸಮಾನ ಆಸಕ್ತಿ ಅಥವಾ ಋಣದಿಂದ ಹತ್ತಿರವಾದ ವಿದೇಶಿ ಪ್ರಜೆಗಳು ಯಾರು? ನಿಮಗೆ ಆಕೆ ಊರಿನವಳು, ಆ ಫಾರಂಗೆ ವಿದೇಶಿ ಪ್ರಜೆ. ಬೇಕೆಂದೇ ಸುಳ್ಳು ಬರೆದರೆ ಅಲ್ಲಿನ ಕಾನೂನಿನಲ್ಲಿ 5 ವರ್ಷದವರೆಗೆ ಜೈಲು ಆಗಬಹುದು.

ಇನ್ನು ಕ್ಲಿಯರೆನ್ಸ್ ಕೊಡುವವರು ಏನು ನೋಡುತ್ತಾರೆ? 2017ರಿಂದ ಜಾರಿಯಲ್ಲಿರುವ ನಿಯಮಗಳಲ್ಲಿ 13 ವಿಷಯಗಳಿವೆ. ವಿದೇಶಿ ಪ್ರಭಾವ ಒಂದು, ವೈಯಕ್ತಿಕ ನಡತೆ ಇನ್ನೊಂದು. ಮದುವೆಯಾಚೆಗಿನ ಸಂಬಂಧ ಇತ್ತು ಅಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಅವರ ಭಯವೇ ಬೇರೆ. ‘ನಿನ್ನ ಹೆಂಡತಿಗೆ ಹೇಳಿಬಿಡ್ತೀನಿ’ ಅಂತ ಯಾರಾದರೂ ಹೆದರಿಸಿದರೆ ನೀವು ಏನು ಕೊಟ್ಟುಬಿಡುತ್ತೀರಿ? ಇವತ್ತು ನಿಮ್ಮ ಹತ್ತಿರ ಅದಕ್ಕೆ ಉತ್ತರವಿಲ್ಲ, ಅಲ್ವಾ? ‘ಹೆಂಡತಿಗೆ ಗೊತ್ತಾ’ ಅಂತ ತನಿಖಾಧಿಕಾರಿ ನೇರವಾಗಿಯೇ ಕೇಳಬಹುದು.

ಸಮಾಧಾನದ ವಿಷಯವೂ ಇದೆ. ಅವರು ಕಂಡುಹಿಡಿದು ಕೇಳುವ ಮೊದಲೇ ನೀವಾಗಿ ತಪ್ಪು ತಿದ್ದಿದರೆ ಅದನ್ನು ನಿಮ್ಮ ಪರವಾಗಿ ಎಣಿಸಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಬೇರೆಯವರು ಬೆದರಿಸಲು ಬಳಸಬಹುದಾದ ಗುಟ್ಟನ್ನು ಇಲ್ಲವಾಗಿಸಿದ್ದಕ್ಕೂ ಬೆಲೆಯಿದೆ. ಆದ್ದರಿಂದ ಮೊದಲು ಕ್ಲಿಯರೆನ್ಸ್ ಕೇಸುಗಳನ್ನೇ ನೋಡುವ ವಕೀಲರೊಬ್ಬರನ್ನು ಕಾಣಿ. ಅವರು ಹೇಳಿದಂತೆ ಕಂಪನಿಯ ಸೆಕ್ಯುರಿಟಿ ಆಫೀಸರ್ ಮೂಲಕವೋ, ಇಂಟರ್‌ವ್ಯೂ ಶುರುವಾಗುತ್ತಲೇ ನೀವಾಗಿಯೋ ತಿದ್ದಿಸಿ. ಕ್ಲಿಯರೆನ್ಸ್ ಸಿಕ್ಕೇ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ಸುಮ್ನೆ ಕೂತರೆ ಮಾತ್ರ ನಿಮ್ಮ ದಾರಿಯನ್ನು ನೀವೇ ಮುಚ್ಚಿಕೊಂಡಂತೆ.

ನನಗೆ ಹೆಚ್ಚು ಚಿಂತೆಯಾಗುವುದು ನಿಮ್ಮ ಹೆಂಡತಿಯದು. ದಯವಿಟ್ಟು ‘ಫಾರಂಗೋಸ್ಕರ ಹೇಳ್ತಿದ್ದೀನಿ’ ಅಂತ ಶುರು ಮಾಡಬೇಡಿ. ಸರ್ಕಾರ ಕೇಳದಿದ್ದರೆ ಇವರು ಹೇಳುತ್ತಲೇ ಇರಲಿಲ್ಲ ಅನ್ನುವುದು ಆಕೆಗೆ ಎರಡನೇ ಪೆಟ್ಟು. ಕ್ಲಿಯರೆನ್ಸ್ ವಿಷಯ ಮುಚ್ಚಿಡುವುದೂ ಬೇಡ, ಅದೇ ಮಾತುಕತೆಯಲ್ಲಿ ಆಮೇಲೆ ಹೇಳಿ. ಮಕ್ಕಳಿದ್ದರೆ ಅವರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಳ್ಳಿ. ಫೋನು ಪಕ್ಕಕ್ಕಿಡಿ. ಆಕೆ ಅಳಬಹುದು, ಕೂಗಾಡಬಹುದು, ತವರಿಗೆ ಹೋಗುತ್ತೇನೆ ಅನ್ನಬಹುದು. ತಡೆಯಬೇಡಿ, ಇಂಟರ್‌ವ್ಯೂ ತಾರೀಖಿನ ಆತುರವನ್ನು ಆಕೆಯ ಮೇಲೆ ಹಾಕಬೇಡಿ. ಇಬ್ಬರೂ ಒಪ್ಪಿದರೆ ದಾಂಪತ್ಯ ಸಲಹೆಗಾರರ ಬಳಿ ಹೋಗಿ. ಅದರಿಂದ ಕ್ಲಿಯರೆನ್ಸ್ ಕೆಡುತ್ತದೆ ಅನ್ನುವ ಹೆದರಿಕೆ ಬೇಡ.

ಇನ್ನೊಂದು ಮಾತು. ಆ ಗೆಳತಿಯ ಜನ್ಮದಿನಾಂಕ, ವಿಳಾಸ ಕೇಳುವ ನೆಪದಲ್ಲಿ ಮೈಸೂರಿಗೆ ಫೋನ್ ಮಾಡಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಗುರುತು ಹಾಕಲು ಫಾರಂನಲ್ಲೇ ಜಾಗವಿದೆ.