ಗಾಳಿಯಂತ್ರದ ಅವಶೇಷ: ಗುಜರಿಗೂ ಬೇಡ, ಗೇಟಿಗೂ ಬೇಡ

ಮಾನ್ಯರೇ,

ಕೊಡಗಿನ ಶನಿವಾರಸಂತೆ ಕಡೆಯ ತೋಟವೊಂದರ ಬಾವಿಯ ಮೇಲೆ ರೆಕ್ಕೆ ಕಳಚಿಕೊಂಡು ನಿಂತಿರುವ ಹಳೆಯ ಗಾಳಿಯಂತ್ರದ ಬಗ್ಗೆ ನೀವು ಬರೆದ ಪತ್ರವೂ ಚಿತ್ರಗಳೂ ತಲುಪಿವೆ. ತೋಟದ ಮಾಲೀಕರು ಅದನ್ನು ಗುಜರಿಗೆ ಹಾಕಬೇಕೆಂದಿದ್ದಾರೆ, ಅವರ ಅಳಿಯ ಬಣ್ಣ ಬಳಿಸಿ ಹೋಂಸ್ಟೇಯ ಗೇಟಿನ ಬಳಿ ನಿಲ್ಲಿಸಬೇಕೆನ್ನುತ್ತಾರೆ. ಹಾಲೆಂಡಿನವರಂತೆ ನಾವೂ ಇದನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗದೇ ಎಂಬುದು ನಿಮ್ಮ ಪ್ರಶ್ನೆ.

ಕಾನೂನಿನ ಮಾತನ್ನು ಮೊದಲು ಮುಗಿಸೋಣ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕವೆನಿಸಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಹಲವು ರೆಕ್ಕೆಗಳ ಈ ಮಾದರಿಯ ಮೂಲ 1854ರಲ್ಲಿ ಅಮೆರಿಕದ ಡೇನಿಯಲ್ ಹ್ಯಾಲಡೇ ರೂಪಿಸಿದ ಯಂತ್ರವಾದರೂ, 1960ರ ದಶಕದಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ನೀರೆತ್ತುವ ಗಾಳಿಯಂತ್ರವನ್ನು ಸಿದ್ಧಪಡಿಸಿತ್ತು. ಆದ್ದರಿಂದ ತುಕ್ಕು ನೋಡಿ ವಯಸ್ಸು ಹೇಳುವಂತಿಲ್ಲ. ಬಾಲದ ತಗಡನ್ನೂ ಗೇರುಪೆಟ್ಟಿಗೆಯ ಮುಚ್ಚಳವನ್ನೂ ಒರೆಸಿ, ಅಚ್ಚೊತ್ತಿದ ಅಕ್ಷರಗಳಿವೆಯೇ ನೋಡಿ.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆಯೇ: ಇಷ್ಟು ಗಾಳಿಯ ನಾಡಿನಲ್ಲಿ ಇಂಥ ಯಂತ್ರಗಳು ಏಕೆ ಇಷ್ಟು ಅಪರೂಪ? ಕೊಡಗಿನಲ್ಲಿ ಗಾಳಿ ಭೋರೆಂದು ಬೀಸುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರಿನಲ್ಲಿ. ಆಗ ಬಾವಿಯ ನೀರು ಯಾರಿಗೆ ಬೇಕು? ನೀರು ಬೇಕಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಕಾಫಿಯ ಹೂ ಅರಳಿಸುವ ಹೂಮಳೆ ಬಾರದೆ ರೊಬಸ್ಟಾ ಬೆಳೆಗಾರರೆಲ್ಲ ಆಕಾಶ ನೋಡುವ ಹೊತ್ತಿನಲ್ಲಿ. ಈ ಯಂತ್ರದಲ್ಲಿ ಚಕ್ರದ ಸುತ್ತು ಗೇರುಪೆಟ್ಟಿಗೆಯಲ್ಲಿ ಏರಿಳಿತವಾಗಿ ಮಾರ್ಪಟ್ಟು, ಗೋಪುರದ ನಡುವಿನ ಸರಳಿನ ಮೂಲಕ ಬಾವಿಯೊಳಗಿನ ಸಿಲಿಂಡರಿಗೆ ಇಳಿಯುತ್ತದೆ. ಅಲ್ಲಿ ಚರ್ಮದ ವಾಷರ್ ತೊಟ್ಟ ಪಿಸ್ಟನ್ ಪ್ರತಿ ಎಳೆತಕ್ಕೂ ಒಂದಿಷ್ಟು ನೀರನ್ನು ಮೇಲೆತ್ತುತ್ತದೆ. ತೊಟ್ಟಿ ತುಂಬಿಸಲು, ಕಾರ್ಮಿಕರ ಲೈನ್‌ಮನೆಗೆ, ಕೊಟ್ಟಿಗೆಗೆ, ನರ್ಸರಿಗೆ ಅದು ಸಾಕು. ಸ್ಪ್ರಿಂಕ್ಲರಿಗೆ ಬೇಕಾದ ಒತ್ತಡವನ್ನು ಮಾತ್ರ ಅದು ಕೊಡಲಾರದು. ಆ ಕೆಲಸ ಡೀಸೆಲ್ ಪಂಪ್‌ಸೆಟ್ಟಿನ ಪಾಲಾಯಿತು. ಸಾಲದ್ದಕ್ಕೆ ನಿಮ್ಮ ಚಿತ್ರದಲ್ಲಿ ಸಿಲ್ವರ್ ಓಕ್ ಮರಗಳು ಗೋಪುರಕ್ಕಿಂತ ಎತ್ತರ ಬೆಳೆದಿವೆ. ರೆಕ್ಕೆಗಳು ಇದ್ದಿದ್ದರೂ ಅವಕ್ಕೆ ನೆಟ್ಟಗೆ ಗಾಳಿ ಸಿಗುತ್ತಿರಲಿಲ್ಲ.

ಹಾಲೆಂಡಿನ ಉದಾಹರಣೆ ಚೆನ್ನಾಗಿದೆ, ಆದರೆ ಅದನ್ನು ಪೂರ್ತಿ ನೋಡಬೇಕು. 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಕಿಂಡರ್‌ಡೈಕ್‌ನ 19 ಗಾಳಿಗಿರಣಿಗಳನ್ನು ಕಟ್ಟಿದ್ದು ಹಿಟ್ಟು ಬೀಸಲಿಕ್ಕಲ್ಲ, ತಗ್ಗು ನೆಲದ ನೀರನ್ನು ಮೇಲೆತ್ತಿ ಹೊರಹಾಕಲಿಕ್ಕೆ. ಕಾಲುವೆ, ಒಡ್ಡು, ಗಿರಣಿ ಮೂರೂ ಒಟ್ಟಿಗೆ ಉಳಿದಿರುವುದರಿಂದಲೇ ಅಲ್ಲಿ ನಿಂತವರಿಗೆ ಅದರ ಉಪಯೋಗ ಅರ್ಥವಾಗುತ್ತದೆ. ಗಿರಣಿಗಳ ರಕ್ಷಣೆಗೆ ಅಲ್ಲಿ 1923ರಲ್ಲೇ ಸಂಘ ಕಟ್ಟಿದರು. ಇನ್ನೂ ಮುಖ್ಯವಾಗಿ, 2017ರಲ್ಲಿ ಯುನೆಸ್ಕೋ ಗಿರಣಿ ನಡೆಸುವವರ ಕಸುಬನ್ನೇ ಅಮೂರ್ತ ಪರಂಪರೆಯೆಂದು ಗುರುತಿಸಿತು.

ಅಳಿಯಂದಿರ ಸಲಹೆಯನ್ನು ನಾವು ಒಪ್ಪದಿರುವುದು ಈ ಕಾರಣಕ್ಕೆ. ಬಾವಿಯಿಂದ ಕಿತ್ತು ಗೇಟಿಗೆ ತಂದ ಗೋಪುರ ಫೋಟೋ ತೆಗೆಸಿಕೊಳ್ಳುವವರಿಗೆ ಒದಗೀತು, ನೀರು ಹೇಗೆ ಮೇಲೇರುತ್ತಿತ್ತು ಎಂಬುದನ್ನು ಹೇಳಲಾರದು. ಹೊಸ ರೆಕ್ಕೆ ಜೋಡಿಸುವ ಖರ್ಚೂ ಬೇಕಿಲ್ಲ. ಕಾಲುಗಳ ಬೋಲ್ಟ್ ಬಿಗಿಮಾಡಿಸಿ, ಸಡಿಲವಾದ ತಗಡುಗಳನ್ನು ಇಳಿಸಿ ಒಳಗಿಡಿ, ಬಾವಿಗೆ ಜಾಲರಿ ಹಾಕಿಸಿ. ಸಿಲಿಂಡರನ್ನು ಮೇಲೆತ್ತುವುದಾದರೆ ಪೈಪಿನ ಉದ್ದ, ಸಿಲಿಂಡರಿನ ವ್ಯಾಸ, ಬಾವಿಯ ಆಳ ಇವನ್ನೆಲ್ಲ ಬರೆದಿಟ್ಟುಕೊಳ್ಳಿ.

ಇದಕ್ಕಿಂತ ತುರ್ತಾದುದು, ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದವರನ್ನು ಹುಡುಕುವುದು. ಆ ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರ್ ಸುಂಟಿಕೊಪ್ಪದಲ್ಲಿದ್ದಾರೆಂದು ನೀವೇ ಬರೆದಿದ್ದೀರಿ. ಬಿರುಗಾಳಿ ಎದ್ದಾಗ ಚಕ್ರವನ್ನು ಹೇಗೆ ನಿಲ್ಲಿಸುತ್ತಿದ್ದರು, ವಾಷರ್ ಎಲ್ಲಿಂದ ತರಿಸುತ್ತಿದ್ದರು, ಕೊನೆಯದಾಗಿ ನೀರೆತ್ತಿದ್ದು ಯಾವ ವರ್ಷ ಎಂದು ಅವರನ್ನು ಕೇಳಿ. ಅವರ ಮಾತನ್ನೂ ಅಳತೆಗಳನ್ನೂ ಕಳುಹಿಸಿದರೆ ಚಿತ್ರಸಹಿತ ಪ್ರಕಟಿಸುತ್ತೇವೆ. ಅಲ್ಲಿಯವರೆಗೆ ಗುಜರಿಯವರಿಂದ ಮುಂಗಡ ಪಡೆಯದಿರುವಂತೆ ಮಾಲೀಕರನ್ನು ನಮ್ಮ ಪರವಾಗಿಯೂ ಕೇಳಿಕೊಳ್ಳಿ.

– ಸಂಪಾದಕ