ಕ್ಯಾಂಪಸ್‌ನಲ್ಲಿ ಕರೆಂಟ್ ಉಳಿಸಲು ಮೊದಲು ಸೋಲಾರ್ ಹಾಕಿಸಬೇಕಾ?

ಬೇಡ. ಮೊದಲು ಫ್ಯಾನ್ ಬದಲಿಸಿ, ಸೋಲಾರ್ ಆಮೇಲೆ.

ಹಳೇ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು, ಗಾಳಿ ಹೆಚ್ಚುಕಮ್ಮಿ ಅಷ್ಟೇ. ಗುಟ್ಟು ಇರುವುದು ಮೋಟಾರಿನಲ್ಲಿ. ಹಳೇ ಮೋಟಾರಿನಲ್ಲಿ ತಿರುಗುವ ಭಾಗವನ್ನು ಆಯಸ್ಕಾಂತ ಮಾಡಲಿಕ್ಕೂ ಕರೆಂಟೇ ಬೇಕು. ಅದರಲ್ಲಿ ತುಂಬಾ ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ. ರಾತ್ರಿಯಿಡೀ ಓಡಿದ ಹಾಸ್ಟೆಲ್ ಫ್ಯಾನ್ ಆಫ್ ಮಾಡಿ, ನಡುವಿನ ಗುಂಡನ್ನು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ ಅಲ್ವಾ? ಆ ಬಿಸಿಗೂ ಬಿಲ್ ಕಟ್ಟುತ್ತಿದ್ದೀರಿ. ಬಿಎಲ್‌ಡಿಸಿಯಲ್ಲಿ ಕಾಯಂ ಆಯಸ್ಕಾಂತವೇ ಕೂತಿರುತ್ತದೆ, ಆ ಖರ್ಚಿಲ್ಲ.

1,000 ಫ್ಯಾನ್ ದಿನಕ್ಕೆ 10 ಗಂಟೆ ಓಡಿದರೆ ಉಳಿಯುವುದು 450 ಯೂನಿಟ್. 1 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಅಷ್ಟು ಕರೆಂಟಿಗೆ 110 ಕಿಲೋವ್ಯಾಟ್‌ಗಿಂತ ಜಾಸ್ತಿ ಪ್ಯಾನೆಲ್ ಬೇಕು!

ಹೊಸದಾಗಿ ಕ್ಯಾಂಪಸ್ ಕಟ್ಟುವವರು ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸ ಮಾಡಿದ ಬೆಂಗಳೂರಿನ ಐಐಎಂ ನೋಡಿ ಬರಬಹುದು. ಅಲ್ಲಿನ ಕಲ್ಲಿನ ಓಣಿಗಳಿಗೆ ಬೆಳಕು ಮೇಲಿಂದಲೇ ಇಳಿಯುತ್ತದೆ, ಹಗಲಲ್ಲಿ ಲೈಟಿನ ಕರೆಂಟೂ ಉಳಿಯುತ್ತದೆ.

ಬಿಎಲ್‌ಡಿಸಿ ಫ್ಯಾನಿನದು ಒಂದು ಕಿರಿಕಿರಿ ಮಾತ್ರ ಉಂಟು. ಹಾಸ್ಟೆಲ್‌ನಲ್ಲಿ ಫ್ಯಾನ್ ರಿಮೋಟ್ ವಾರದಲ್ಲಿ ಮಾಯ. ಗೋಡೆಯಲ್ಲೇ ಸ್ಪೀಡ್ ಬದಲಿಸುವ ಮಾದರಿ ತಗೊಳ್ಳಿ.